ರಾಟೆಯ ಭಾರವನ್ನು ಲೆಕ್ಕಕ್ಕೆ ತಂದ ಜಾರ್ಜ್ ಆಟ್‌ವುಡ್

ನಮ್ಮೂರು ತಣಿಸಂದ್ರ. ಬೆಂಗಳೂರಿನ ಉತ್ತರಕ್ಕೆ, ನಾಗವಾರವನ್ನು ದಾಟಿದರೆ ಸಿಗುವ ಊರು. 2007ರಲ್ಲಿ ಅದು ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಸೇರಿತು. ಇಂದು ಅಲ್ಲಿ ಮಹಡಿ ಮನೆಗಳು, ನೀರಿನ ಟ್ಯಾಂಕರುಗಳು, ಕೊಳವೆ ಬಾವಿಗಳು. ಆದರೆ ನನ್ನ ಬಾಲ್ಯದಲ್ಲಿ ನಮ್ಮ ಹಿತ್ತಲಿನಲ್ಲಿ ಒಂದು ಸೇದುವ ಬಾವಿಯಿತ್ತು. ಅದರ ಮೇಲೆ ಅಜ್ಜನ ಕಾಲದ ಒಂದು ಕಬ್ಬಿಣದ ರಾಟೆ. ಅಕ್ಕ ನೀರು ಸೇದುತ್ತಿದ್ದಳು. ನಾನು ಕಟ್ಟೆಯ ಮೇಲೆ ಕುಳಿತು ರಾಟೆ ಗಡಗಡನೆ ಸುತ್ತುವುದನ್ನು ನೋಡುತ್ತಿದ್ದೆ. ಬಿಂದಿಗೆ ನೀರಿಗೆ ಬಿದ್ದ ಮೇಲೂ ರಾಟೆ ಒಡನೆಯೇ ನಿಲ್ಲುತ್ತಿರಲಿಲ್ಲ. ಹಗ್ಗ ಸಡಿಲವಾದರೂ ತನ್ನಷ್ಟಕ್ಕೆ ತಾನು ಇನ್ನೊಂದೆರಡು ಸುತ್ತು ಸುತ್ತುತ್ತಿತ್ತು. ಅದೇಕೆ ಹಾಗೆಂದು ಅಂದು ನಾನು ಕೇಳಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಅದು ಎಂಬುದು ತಿಳಿದದ್ದು ಬಹಳ ಕಾಲದ ಮೇಲೆ.

ಪಿ.ಯು. ತರಗತಿಯಲ್ಲಿ ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದೆ. ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂದಿತು. ಒಂದು ರಾಟೆ, ಅದರ ಮೇಲೆ ಹಾಯ್ದ ದಾರದ ಒಂದು ತುದಿಗೆ 5 ಕಿಲೋಗ್ರಾಂ, ಮತ್ತೊಂದು ತುದಿಗೆ 4 ಕಿಲೋಗ್ರಾಂ, ರಾಟೆಯ ದ್ರವ್ಯರಾಶಿ 2 ಕಿಲೋಗ್ರಾಂ. ಭಾರದ ತುದಿ ಯಾವ ವೇಗೋತ್ಕರ್ಷದಿಂದ ಇಳಿಯುತ್ತದೆ? ಅದುವರೆಗೆ ನಾವು ಮಾಡಿದ್ದ ಲೆಕ್ಕಗಳಲ್ಲೆಲ್ಲ ರಾಟೆಯನ್ನು ಭಾರವಿಲ್ಲದ್ದೆಂದು ಭಾವಿಸಿ ಎಂಬ ಸೂಚನೆ ಇರುತ್ತಿತ್ತು. ಈ ಲೆಕ್ಕದಲ್ಲಿ ಆ ಸೂಚನೆ ಇಲ್ಲದಿದ್ದುದನ್ನು ನಾನು ಗಮನಿಸಲಿಲ್ಲ. ದಾರದ ಎಳೆತ ಎರಡು ಕಡೆಯೂ ಒಂದೇ ಎಂದು ಇಟ್ಟುಕೊಂಡು, ಸೆಕೆಂಡಿಗೆ ಸೆಕೆಂಡಿಗೆ 1.09 ಮೀಟರ್ ಎಂದು ಬರೆದು ಬಂದೆ. ಸರಿಯಾದ ಉತ್ತರ 0.98 ಮೀಟರ್. ಮುಂದೆ ನಾನು ವಿಜ್ಞಾನವನ್ನು ಬಿಟ್ಟು ಬಿ.ಎ. ತರಗತಿಗೆ ಬಂದೆ. ಆದರೂ ಆ ಲೆಕ್ಕ ನನ್ನನ್ನು ಬಿಡಲಿಲ್ಲ. ಪುಸ್ತಕದಲ್ಲಿ ಆ ಉಪಕರಣಕ್ಕೆ ಆಟ್‌ವುಡ್ಡನ ಯಂತ್ರ ಎಂಬ ಹೆಸರಿತ್ತು. ಆ ಆಟ್‌ವುಡ್ ಯಾರು, ಎಲ್ಲಿಯವನು, ಅವನಿಗೆ ಈ ರಾಟೆಯ ಗೊಡವೆ ಏಕೆ ಬೇಕಾಯಿತು ಎಂಬುದನ್ನು ಪುಸ್ತಕ ಹೇಳಿರಲಿಲ್ಲ. ಚರಿತ್ರೆಯ ವಿದ್ಯಾರ್ಥಿಯಾದ ಮೇಲೆ ನಾನು ಅವನನ್ನು ಹುಡುಕಿಕೊಂಡು ಹೋದೆ. ದೊರೆತುದನ್ನು ಸಹಪಾಠಿ ಮಿತ್ರರ ಮುಂದೆಯೂ ಗುರುಗಳ ಮುಂದೆಯೂ ಇಡುತ್ತಿದ್ದೇನೆ.

ಜಾರ್ಜ್ ಆಟ್‌ವುಡ್ ಹುಟ್ಟಿದ್ದು 1745ರಲ್ಲಿ, ಲಂಡನ್ ನಗರದ ವೆಸ್ಟ್‌ಮಿನ್‌ಸ್ಟರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಹುಡುಗ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿ, 1765ರಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದ. ನೂರು ವರ್ಷಗಳ ಹಿಂದೆ ನ್ಯೂಟನ್ ಇದ್ದ ಕಾಲೇಜು ಅದು. 1769ರಲ್ಲಿ ಗಣಿತದಲ್ಲಿ ಮೂರನೆಯ ಸ್ಥಾನ ಪಡೆದು ಆತ ಪದವೀಧರನಾದ. ಸ್ಮಿತ್ ಬಹುಮಾನವೆಂಬ ಗಣಿತದ ಬಹುಮಾನವನ್ನು ಕೊಡಲಾರಂಭಿಸಿದ್ದು ಅದೇ ವರ್ಷ. ಅದೂ ಆತನಿಗೆ ದೊರೆಯಿತು. ಅನಂತರ ಅದೇ ಕಾಲೇಜಿನಲ್ಲಿ ಫೆಲೋ ಆಗಿ, ಬೋಧಕನಾಗಿ ನಿಂತ. 1776ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಆತನ ಉಪನ್ಯಾಸಗಳಿಗೆ ವಿದ್ಯಾರ್ಥಿಗಳು ಕಿಕ್ಕಿರಿದು ಸೇರುತ್ತಿದ್ದರಂತೆ. ಅದಕ್ಕೆ ಮುಖ್ಯ ಕಾರಣ, ಆತ ನಿಯಮವನ್ನು ಹೇಳಿ ಸುಮ್ಮನಾಗದೆ ಅದನ್ನು ಕಣ್ಣೆದುರು ನಡೆಸಿ ತೋರಿಸುತ್ತಿದ್ದುದು.

ತೋರಿಸುವುದು ಅಷ್ಟು ಸುಲಭವಾಗಿರಲಿಲ್ಲ. ನ್ಯೂಟನ್ನನ ಚಲನನಿಯಮಗಳು 1687ರಲ್ಲೇ ಅಚ್ಚಾಗಿದ್ದವು. ಆದರೆ ಬೀಳುವ ವಸ್ತು ಬಹಳ ಬೇಗ ಬೀಳುತ್ತದೆ. ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿಯೇ 193 ಅಂಗುಲ, ಎಂದರೆ ಹದಿನಾರು ಅಡಿಗೂ ಮೀರಿ ಇಳಿದುಬಿಡುತ್ತದೆ. ಅಂದಿನ ಗಡಿಯಾರಗಳಿಂದ ಅದನ್ನು ಅಳೆಯುವುದು ಹೇಗೆ? ಗೆಲಿಲಿಯೋ ತನ್ನ ಕಾಲದಲ್ಲಿ ಇಳಿಜಾರು ಹಲಗೆಯ ಮೇಲೆ ಗುಂಡನ್ನು ಉರುಳಿಸಿ ಪತನವನ್ನು ನಿಧಾನಮಾಡಿಕೊಂಡಿದ್ದ. ಆಟ್‌ವುಡ್ ಹಿಡಿದದ್ದು ಬೇರೆ ದಾರಿ, ನಮ್ಮ ಬಾವಿಕಟ್ಟೆಯ ದಾರಿ. ಒಂದು ಚಕ್ರದ ಮೇಲೆ ರೇಷ್ಮೆ ದಾರ ಹಾಯಿಸಿ ಎರಡು ತುದಿಗೂ ಸಮನಾದ ತೂಕಗಳನ್ನು ಕಟ್ಟಿದರೆ, ತಕ್ಕಡಿಯಂತೆ ಅವು ಅಲುಗದೆ ನಿಲ್ಲುತ್ತವೆ. ಒಂದು ಕಡೆಗೆ ಒಂದು ಚಿಕ್ಕ ತೂಕವನ್ನು ಹೆಚ್ಚಾಗಿ ಇಟ್ಟರೆ ಆ ಕಡೆ ನಿಧಾನವಾಗಿ ಇಳಿಯುತ್ತದೆ. ಇಲ್ಲಿ ಎಳೆಯುವುದು ಆ ಚಿಕ್ಕ ತೂಕವೊಂದೇ, ಚಲಿಸಬೇಕಾದದ್ದು ಎಲ್ಲವೂ. ಆದ್ದರಿಂದ ಪತನದ ವೇಗ ನಮಗೆ ಬೇಕಾದಷ್ಟು ಕಡಿಮೆಯಾಗುತ್ತದೆ.

ಆಳೆತ್ತರಕ್ಕಿಂತಲೂ ಎತ್ತರವಾದ ಮರದ ಕಂಬದ ತುದಿಯಲ್ಲಿ ಆ ಚಕ್ರ. ಪಕ್ಕದಲ್ಲಿ ಅಂಗುಲಗಳ ಗುರುತಿನ ಅಳತೆಪಟ್ಟಿ, ಸೆಕೆಂಡು ಸೆಕೆಂಡಿಗೂ ಟಿಕ್ಕೆನ್ನುವ ಲೋಲಕದ ಗಡಿಯಾರ. ನಡುವೆ ಒಂದು ಬಳೆ: ತೂಕ ಬಳೆಯೊಳಗೆ ತೂರಿ ಹೋಗುವಾಗ ಹೆಚ್ಚಿನ ತುಂಡು ಬಳೆಯ ಮೇಲೆಯೇ ಉಳಿಯುತ್ತದೆ. ಅಲ್ಲಿಂದ ಮುಂದೆ ಎಳೆಯುವ ಬಲವಿಲ್ಲ. ತೂಕ ಅದೇ ವೇಗದಲ್ಲಿ ಸಾಗುತ್ತದೆ. ಹೀಗೆ ನ್ಯೂಟನ್ನನ ಮೊದಲ ನಿಯಮವನ್ನೂ ಎರಡನೆಯ ನಿಯಮವನ್ನೂ ಆತ ಒಂದೇ ಕಂಬದ ಮೇಲೆ ತೋರಿಸಿದ.

ಆದರೆ ಈ ಯಂತ್ರದಲ್ಲಿ ಎರಡು ಕಳ್ಳರು ಅಡಗಿದ್ದರು. ಒಬ್ಬ ಅಚ್ಚಿನ ಉಜ್ಜುವಿಕೆ. ಅದನ್ನು ಕಡಿಮೆ ಮಾಡಲು ಆಟ್‌ವುಡ್ ಚಕ್ರದ ಅಚ್ಚನ್ನು ತೂತಿನೊಳಗೆ ಕೂರಿಸದೆ, ನಾಲ್ಕು ಸಣ್ಣ ಉರುಳೆಗಳ ಅಂಚಿನ ಮೇಲೆ ಕೂರಿಸಿದ. ಅಚ್ಚು ತಿರುಗಿದಂತೆ ಉರುಳೆಗಳೂ ತಿರುಗುವುದರಿಂದ ಉಜ್ಜಾಟ ಅತ್ಯಲ್ಪವಾಯಿತು. ಎರಡನೆಯ ಕಳ್ಳ ಚಕ್ರವೇ. ಅದು ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ, ಇದ್ದಲ್ಲಿಯೇ ಇರುತ್ತದೆ. ಆದ್ದರಿಂದ ಲೆಕ್ಕಕ್ಕೆ ಬೇಡವೆಂದು ತೋರುತ್ತದೆ. ನಾನು ಪರೀಕ್ಷೆಯಲ್ಲಿ ಹಾಗೆಯೇ ತಿಳಿದದ್ದು. ಆದರೆ ನಿಂತ ಚಕ್ರವನ್ನು ಸುತ್ತುವಂತೆ ಮಾಡುವುದಕ್ಕೂ ಬಲ ಬೇಕು. ಆ ಬಲ ಎಲ್ಲಿಂದ ಬರಬೇಕು? ದಾರದ ಎರಡು ಕಡೆಯ ಎಳೆತಗಳ ವ್ಯತ್ಯಾಸದಿಂದ. ಎಳೆತ ಎರಡು ಕಡೆಯೂ ಸಮವಾಗಿದ್ದರೆ ಭಾರವಿರುವ ಚಕ್ರ ಸುತ್ತಲು ತೊಡಗುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಭಾರದ ಕಡೆಯ ಎಳೆತ 44.10 ನ್ಯೂಟನ್, ಹಗುರದ ಕಡೆಯದು 43.12 ನ್ಯೂಟನ್, ನಡುವಿನ 0.98 ನ್ಯೂಟನ್ ರಾಟೆಯ ಪಾಲು. ಇದನ್ನು ಮೊದಲ ಬಾರಿಗೆ ಕಂಡ ದಿನ ನನಗಾದ ಸಂತೋಷ, ನಾಚಿಕೆ ಎರಡನ್ನೂ ಬಣ್ಣಿಸಲಾರೆ.

ರಾಟೆಯ ತೂಕವೆಲ್ಲ ಲೆಕ್ಕಕ್ಕೆ ಬರುತ್ತದೆಯೇ? ಬರುವುದಿಲ್ಲ. ಅಂಚಿನಲ್ಲಿರುವ ಲೋಹ ದಾರದಷ್ಟೇ ವೇಗವಾಗಿ ಓಡುತ್ತದೆ. ಅಚ್ಚಿನ ಬಳಿ ಇರುವ ಲೋಹ ಅಷ್ಟಾಗಿ ಚಲಿಸುವುದಿಲ್ಲ. ಬಿಲ್ಲೆಯಂತೆ ಎಲ್ಲ ಕಡೆಯೂ ಒಂದೇ ದಪ್ಪನಾದ ರಾಟೆಯಾದರೆ ಅದರ ದ್ರವ್ಯರಾಶಿಯ ಅರ್ಧ ಲೆಕ್ಕಕ್ಕೆ ಸೇರುತ್ತದೆ. ಬಳೆಯಂತೆ ಭಾರವೆಲ್ಲ ಅಂಚಿನಲ್ಲೇ ಇದ್ದರೆ ಪೂರ್ತಿ ಸೇರುತ್ತದೆ. ನಮ್ಮ ಬಾವಿಯನ್ನೇ ನೆನೆಯೋಣ. ರಾಟೆ ಬಿಲ್ಲೆಯಂಥದು, 4 ಕಿಲೋಗ್ರಾಂ ಎಂದಿರಲಿ. ಅದಕ್ಕೆ ಹಗ್ಗವನ್ನು ಸುತ್ತಿ, 2 ಕಿಲೋಗ್ರಾಂ ತೂಕದ ಬರಿಯ ಬಿಂದಿಗೆಯನ್ನು ಕಟ್ಟಿ ಬಿಟ್ಟರೆ, ರಾಟೆಯ ಪಾಲು 2, ಬಿಂದಿಗೆಯ ಪಾಲು 2. ಹಗ್ಗದ ತೂಕವನ್ನೂ ಅಚ್ಚಿನ ಉಜ್ಜುವಿಕೆಯನ್ನೂ ಬಿಟ್ಟು ನೋಡಿದರೆ, ಬಿಂದಿಗೆ ಇಳಿಯುವ ವೇಗೋತ್ಕರ್ಷ 9.8 ಅಲ್ಲ, 4.9. ಸರಿಯಾಗಿ ಅರ್ಧ! ಬಿಂದಿಗೆ ನೀರಿಗೆ ಬಿದ್ದ ಮೇಲೂ ರಾಟೆ ಸುತ್ತುತ್ತಿದ್ದುದಕ್ಕೆ ಕಾರಣವೂ ಇದೇ. ಇಳಿಯುವಾಗ ಬಿಂದಿಗೆಯಿಂದ ಪಡೆದ ಚಲನೆ ಅದರಲ್ಲಿ ಇನ್ನೂ ಉಳಿದಿರುತ್ತಿತ್ತು.

ಆಟ್‌ವುಡ್ಡನ ಚಕ್ರ ಬಿಲ್ಲೆಯಾಗಿರಲಿಲ್ಲ. ಅರೆಕಾಲುಗಳಿದ್ದ ಚಕ್ರ, ಜೊತೆಗೆ ನಾಲ್ಕು ಉರುಳೆಗಳು. ಅದರ ಪಾಲನ್ನು ಸೂತ್ರದಿಂದ ಕಂಡುಹಿಡಿಯುವುದು ಕಷ್ಟ. ಆತ ಚಕ್ರವನ್ನೇ ಕೇಳಿದ. ಎರಡು ತೂಕಗಳನ್ನೂ ತೆಗೆದುಹಾಕಿ, ಚಕ್ರಕ್ಕೆ ರೇಷ್ಮೆ ದಾರವನ್ನು ಸುತ್ತಿ, ಅದರ ತುದಿಗೆ 30 ಗ್ರೇನ್, ಎಂದರೆ 2 ಗ್ರಾಮಿಗೂ ತುಸು ಕಡಿಮೆಯಾದ ತೂಕವೊಂದನ್ನು ಕಟ್ಟಿ ಬಿಟ್ಟ. ತಡೆಯಿಲ್ಲದೆ ಬಿದ್ದಿದ್ದರೆ ಅದು 3 ಸೆಕೆಂಡಿನಲ್ಲಿ 1737 ಅಂಗುಲ, ಸುಮಾರು 145 ಅಡಿ ಇಳಿಯಬೇಕಾಗಿತ್ತು. ಇಳಿದದ್ದು 38½ ಅಂಗುಲ ಮಾತ್ರ. ಉಳಿದುದೆಲ್ಲ ಎಲ್ಲಿ ಹೋಯಿತು? ಚಕ್ರಗಳನ್ನು ಸುತ್ತಿಸುವುದರಲ್ಲಿ ಹೋಯಿತು. ಇದರಿಂದ ಲೆಕ್ಕ ಹಾಕಿ, ಚಕ್ರಗಳ ಜಡತ್ವವು ದಾರದ ತುದಿಗೆ ಕಟ್ಟಿದ 2¾ ಔನ್ಸಿಗೆ ಸಮ ಎಂದು ಆತ ನಿಶ್ಚಯಿಸಿದ. ಕಾಲು ಔನ್ಸನ್ನು ಒಂದು ಪಾಲೆಂದು ಇಟ್ಟುಕೊಂಡರೆ ಅದು 11 ಪಾಲು.

ಇನ್ನು ಆತನ ಜಾಣ್ಮೆಯನ್ನು ನೋಡಬೇಕು. ಈ 11 ಪಾಲನ್ನು ದೋಷವೆಂದು ಮರೆಮಾಡದೆ ಆತ ಲೆಕ್ಕದೊಳಗೇ ಸೇರಿಸಿಕೊಂಡ. ಎರಡು ಕಡೆಯ ತೂಕಗಳು, ಹೆಚ್ಚಿನ ಒಂದು ಪಾಲು, ಚಕ್ರದ 11 ಪಾಲು ಎಲ್ಲವೂ ಕೂಡಿ ಸರಿಯಾಗಿ 64 ಪಾಲಾಗುವಂತೆ ತೂಕಗಳನ್ನು ಹೊಂದಿಸಿದ. ಎಳೆಯುವುದು 1 ಪಾಲು, ಚಲಿಸುವುದು 64 ಪಾಲು. ಹಾಗಾದರೆ ಮೊದಲ ಸೆಕೆಂಡಿನಲ್ಲಿ ಇಳಿಯಬೇಕಾದದ್ದು 193 ಅಂಗುಲದ 64ನೆಯ ಒಂದು ಭಾಗ, ಸುಮಾರು 3 ಅಂಗುಲ. ಎರಡು ಸೆಕೆಂಡಿಗೆ 12, ಮೂರು ಸೆಕೆಂಡಿಗೆ 27. ತರಗತಿಯ ಕೊನೆಯ ಸಾಲಿನವನೂ ಗಡಿಯಾರದ ಸದ್ದನ್ನು ಕೇಳುತ್ತ ಕಣ್ಣಾರೆ ಕಾಣಬಹುದಾದ ಅಳತೆಗಳಿವು. ಚಕ್ರವನ್ನು ಬಿಟ್ಟು ಲೆಕ್ಕ ಹಾಕಿದ್ದರೆ 64ರ ಜಾಗದಲ್ಲಿ 53 ಇರುತ್ತಿತ್ತು, ಉತ್ತರ 3.64 ಅಂಗುಲವಾಗುತ್ತಿತ್ತು. ಆಗ ತರಗತಿಯ ಮುಂದೆ ಯಂತ್ರ ಒಂದು ಹೇಳುತ್ತಿತ್ತು, ಸೂತ್ರ ಇನ್ನೊಂದು ಹೇಳುತ್ತಿತ್ತು. ಸುಳ್ಳಾಗುತ್ತಿದ್ದವನು ನ್ಯೂಟನ್!

ಈ ಯಂತ್ರದ ಸುದ್ದಿ ಬೇಗ ಹರಡಿತು. ಲಂಡನ್ನಿನಲ್ಲಿದ್ದ ಮೆಗೆಲ್ಲನ್ ಎಂಬ ಪೋರ್ಚುಗೀಸ್ ವಿದ್ವಾಂಸ 1780ರಲ್ಲಿಯೇ ಇದನ್ನು ವಿವರಿಸಿ ಇಟಲಿಯ ವೋಲ್ಟಾನಿಗೆ ಬರೆದ ಪತ್ರ ಅಚ್ಚಾಯಿತು. ವಿದ್ಯುತ್ಕೋಶವನ್ನು ಕಂಡುಹಿಡಿದ ವೋಲ್ಟಾ ಈತನೇ. ಆಟ್‌ವುಡ್ಡನ ಸ್ವಂತ ಗ್ರಂಥ ಹೊರಬಂದದ್ದು 1784ರಲ್ಲಿ. ವಸ್ತುಗಳ ಸರಳರೇಖೆಯ ಚಲನೆಯನ್ನೂ ಭ್ರಮಣವನ್ನೂ ಕುರಿತ ಗ್ರಂಥವದು. ನಮ್ಮ ನಾಡಿನ ಚರಿತ್ರೆಯಲ್ಲಿಯೂ 1784 ನೆನಪಿಡಬೇಕಾದ ವರ್ಷ: ಟಿಪ್ಪು ಸುಲ್ತಾನನಿಗೂ ಇಂಗ್ಲಿಷ್ ಕಂಪನಿಗೂ ಮಂಗಳೂರಿನಲ್ಲಿ ಒಪ್ಪಂದವಾದದ್ದು ಆಗ. ಅದೇ ವರ್ಷ ಕಂಪನಿಯ ಆಡಳಿತವನ್ನು ಬ್ರಿಟಿಷ್ ಸರ್ಕಾರದ ಹಿಡಿತಕ್ಕೆ ತಂದ ಶಾಸನವನ್ನು ಮಾಡಿಸಿದವನು ಪ್ರಧಾನಿ ಕಿರಿಯ ವಿಲಿಯಂ ಪಿಟ್. ಈ ಪಿಟ್ ಕೇಂಬ್ರಿಜ್ಜಿನಲ್ಲಿ ಆಟ್‌ವುಡ್ಡನ ಉಪನ್ಯಾಸಗಳನ್ನು ಕೇಳಿದವನು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲೇ ಪ್ರಧಾನಿಯಾದ ಶಿಷ್ಯ ಗುರುವನ್ನು ಮರೆಯಲಿಲ್ಲ. ಸುಂಕದ ಇಲಾಖೆಯಲ್ಲಿ ವರ್ಷಕ್ಕೆ 500 ಪೌಂಡ್ ಸಂಬಳದ, ಹೆಚ್ಚು ಕೆಲಸವಿಲ್ಲದ ಒಂದು ಹುದ್ದೆಯನ್ನು ಕೊಡಿಸಿ, ರಾಜ್ಯದ ಹಣಕಾಸಿನ ಲೆಕ್ಕಗಳಲ್ಲಿ ಆತನ ನೆರವನ್ನು ಪಡೆದ. ಆಟ್‌ವುಡ್ ಕೇಂಬ್ರಿಜ್ಜನ್ನು ಬಿಟ್ಟು ಲಂಡನ್ನಿಗೆ ಬಂದ.

ಹುದ್ದೆ ಸಿಕ್ಕಿತೆಂದು ಆತ ಕೈಕಟ್ಟಿ ಕೂರಲಿಲ್ಲ. ತೇಲುವ ವಸ್ತುಗಳ ಕಡೆಗೆ ತಿರುಗಿದ. ಹಡಗು ಒಂದು ಕಡೆಗೆ ವಾಲಿದಾಗ ಮತ್ತೆ ನೆಟ್ಟಗಾಗುವ ಶಕ್ತಿ ಅದಕ್ಕೆ ಎಷ್ಟಿರುತ್ತದೆ ಎಂಬ ಪ್ರಶ್ನೆಯನ್ನು ಫ್ರಾನ್ಸಿನ ಬೂಗೇ ಎಂಬ ವಿದ್ವಾಂಸ 1746ರಲ್ಲೇ ಬಿಡಿಸಿದ್ದ. ಆದರೆ ಆ ಸೂತ್ರ ಹಡಗು ಅತಿ ಸ್ವಲ್ಪ ವಾಲಿದಾಗ ಮಾತ್ರ ಸರಿ. ಬಿರುಗಾಳಿಯಲ್ಲಿ ಹಡಗು ಅತಿ ಸ್ವಲ್ಪ ವಾಲುತ್ತದೆಯೇ? ಇಲ್ಲಿಯೂ ಆಟ್‌ವುಡ್ ಕಂಡದ್ದು ಅದೇ ಕಳ್ಳನನ್ನು: ಚಿಕ್ಕದೆಂದು ಬಿಟ್ಟುಬಿಟ್ಟದ್ದು ನಿಜವಾಗಿ ಚಿಕ್ಕದಲ್ಲ. ದೊಡ್ಡ ಕೋನಗಳಿಗೂ ಸಲ್ಲುವ ಲೆಕ್ಕವನ್ನು ಆತ ಮಾಡಿದ. 1796ರಲ್ಲಿ ರಾಯಲ್ ಸೊಸೈಟಿ ಆತನಿಗೆ ತನ್ನ ಅತ್ಯುನ್ನತವಾದ ಕಾಪ್ಲೀ ಪದಕವನ್ನು ಕೊಟ್ಟಿತು. 1798ರ ಲೇಖನದಲ್ಲಿ ಉದಾಹರಣೆಗೆ ಆರಿಸಿಕೊಂಡದ್ದು ಕಫ್‌ನೆಲ್ಸ್ ಎಂಬ ಹಡಗನ್ನು. ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆಂದು ಕಟ್ಟಿದ ಹಡಗದು. ನಮ್ಮ ನಾಡಿನ ಸಂಪತ್ತನ್ನು ಹೊತ್ತೊಯ್ದ ಹಡಗುಗಳ ಜಾತಿಗೆ ಸೇರಿದ ಒಂದನ್ನು ಈತ ಅಳೆಯುತ್ತಿದ್ದನೆಂದು ಓದುವಾಗ ನನ್ನ ಮನಸ್ಸಿನಲ್ಲಿ ಮೆಚ್ಚಿಗೆಯೊಡನೆ ಬೇರೊಂದು ಭಾವವೂ ಬೆರೆಯಿತು ಎಂಬುದನ್ನು ಮುಚ್ಚಿಡಲಾರೆ.

1801ರಲ್ಲಿ ಆತ ಎರಡು ಕೃತಿಗಳನ್ನು ಪ್ರಕಟಿಸಿದ. ಒಂದು, ಬ್ರೆಡ್ಡಿನ ತೂಕ ಬೆಲೆಗಳನ್ನು ಗೊತ್ತುಮಾಡುವ ಇಂಗ್ಲೆಂಡಿನ ಕಟ್ಟಳೆಗಳ ಪರಿಶೀಲನೆ. 1202ರಿಂದ ತನ್ನ ಕಾಲದವರೆಗಿನ ಕಟ್ಟಳೆಗಳನ್ನು ಅದರಲ್ಲಿ ವಿಚಾರಿಸಿದ. ಇನ್ನೊಂದು, ಕಮಾನುಗಳನ್ನು ಕುರಿತದ್ದು. ಥೇಮ್ಸ್ ನದಿಗೆ 600 ಅಡಿಯ ಒಂದೇ ಕಬ್ಬಿಣದ ಕಮಾನನ್ನು ಕಟ್ಟಬೇಕೆಂಬ ಟೆಲ್‌ಫೋರ್ಡನ ಯೋಜನೆ ಆಗ ಪಾರ್ಲಿಮೆಂಟಿನ ಮುಂದಿತ್ತು. ಅಭಿಪ್ರಾಯ ಕೇಳಲ್ಪಟ್ಟವರಲ್ಲಿ ಆಟ್‌ವುಡ್ಡನೂ ಒಬ್ಬ. ಆದರೆ ಕಮಾನಿನ ಗ್ರಂಥದಲ್ಲಿ ಆತ ಕಲ್ಲುಗಳ ನಡುವೆ ಉಜ್ಜುವಿಕೆಯೇ ಇಲ್ಲವೆಂದು ಇಟ್ಟುಕೊಂಡು ಸಿದ್ಧಾಂತ ಕಟ್ಟಿದ. ನಿಜವಾದ ಸೇತುವೆಗಳು ನಿಲ್ಲುವುದರಲ್ಲಿ ಆ ಉಜ್ಜುವಿಕೆಯ ಪಾಲು ಬಹಳ. ಚಕ್ರದ 11 ಪಾಲನ್ನು ಬಿಡದ ಮನುಷ್ಯ ಇಲ್ಲಿ ದೊಡ್ಡದೊಂದನ್ನು ಬಿಟ್ಟ. ಯಾವುದು ಬಿಡತಕ್ಕದ್ದು, ಯಾವುದು ಬಿಡಬಾರದ್ದು ಎಂಬ ವಿವೇಕ ಎಷ್ಟು ದೊಡ್ಡವರಿಗೂ ಒಮ್ಮೆ ಬಂದರೆ ಸದಾ ಉಳಿಯುವಂಥದಲ್ಲ.

ಆಟ್‌ವುಡ್ಡನಿಗೆ ಚದುರಂಗದ ಹುಚ್ಚೂ ಇತ್ತು. ಆ ಕಾಲದ ಅಗ್ರಗಣ್ಯ ಆಟಗಾರ ಫಿಲಿಡೋರನೊಡನೆ ಆಡುತ್ತಿದ್ದ. ಆಡಿದ ಆಟಗಳ ನಡೆಗಳನ್ನು ಒಂದೊಂದಾಗಿ ಬರೆದಿಡುತ್ತಿದ್ದ. ಸೋತ ಆಟವನ್ನೂ ಬರೆದಿಡಲು ಒಂದು ಬಗೆಯ ಪ್ರಾಮಾಣಿಕತೆ ಬೇಕು. ಆತನ ಮರಣಾನಂತರ, 1835ರಲ್ಲಿ, ಆ ಟಿಪ್ಪಣಿಗಳು ಅಚ್ಚಾದವು. ಫಿಲಿಡೋರನ ಕೊನೆಯ ಕಾಲದ ಆಟಗಳು ಇಂದು ನಮಗೆ ತಿಳಿದಿರುವುದರಲ್ಲಿ ಈ ಟಿಪ್ಪಣಿಗಳ ಉಪಕಾರ ದೊಡ್ಡದು. ಆಟ್‌ವುಡ್ ಮದುವೆಯಾಗಲಿಲ್ಲ. 1807ರ ಜುಲೈನಲ್ಲಿ, ಅರುವತ್ತೊಂದನೆಯ ವಯಸ್ಸಿನಲ್ಲಿ, ಹುಟ್ಟಿದ ವೆಸ್ಟ್‌ಮಿನ್‌ಸ್ಟರಿನಲ್ಲಿಯೇ ತೀರಿಕೊಂಡ. ಅಲ್ಲಿಯ ಸೇಂಟ್ ಮಾರ್ಗರೆಟ್ ಚರ್ಚಿನಲ್ಲಿ ಆತನನ್ನು ಸಮಾಧಿ ಮಾಡಿದರು. ಚಂದ್ರನ ಮೇಲಿನ ಒಂದು ಕುಳಿಗೆ ಆತನ ಹೆಸರಿದೆ.

ಇಷ್ಟನ್ನು ಓದಿದ ಮೇಲೆ ಸುಮ್ಮನಿರಲಾರದೆ, ಕಳೆದ ದಸರಾ ರಜೆಯಲ್ಲಿ ಅಟ್ಟದ ಮೇಲಿದ್ದ ನಮ್ಮ ಹಳೆಯ ರಾಟೆಯನ್ನು ಇಳಿಸಿದೆ. ಬಾವಿ ಬತ್ತಿ, ಮುಚ್ಚಿ, ಎಷ್ಟೋ ವರ್ಷಗಳಾಗಿವೆ. ಸೀಬೆ ಮರದ ಕೊಂಬೆಗೆ ರಾಟೆಯನ್ನು ಕಟ್ಟಿ, ಹಗ್ಗದ ಎರಡು ತುದಿಗೂ ಮರಳು ತುಂಬಿದ ಡಬ್ಬಿಗಳನ್ನು ತೂಗಿ, ಒಂದರ ಮೇಲೆ ಒಂದು ಕಲ್ಲನ್ನಿಟ್ಟೆ. ಏನೂ ಅಲುಗಲಿಲ್ಲ. ಅಚ್ಚಿಗೆ ತುಕ್ಕು ಹಿಡಿದಿತ್ತು. ಭಾನುವಾರವಾದ್ದರಿಂದ ಅಕ್ಕ ಮನೆಯಲ್ಲಿದ್ದಳು. ಅವಳು ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದವಳು. ನನ್ನ ಅವಸ್ಥೆಯನ್ನು ನೋಡಿ ನಕ್ಕು, ಹರಳೆಣ್ಣೆ ತಂದು ಅಚ್ಚಿಗೆ ಬಿಟ್ಟು, ಹಳೆಯ ಬಟ್ಟೆಯಿಂದ ಉಜ್ಜಿ, ರಾಟೆಯನ್ನು ಹತ್ತಾರು ಸುತ್ತು ಸುತ್ತಿಸಿದಳು. ಆಮೇಲೆ ಡಬ್ಬಿ ಇಳಿಯಿತು, ಗಂಭೀರವಾಗಿ, ಅವಸರವಿಲ್ಲದೆ. ಅಂಗಡಿಯಿಂದ ತಂದಿದ್ದ ಹಗುರವಾದ ಚಿಕ್ಕ ರಾಟೆಯನ್ನು ಅದೇ ಕೊಂಬೆಗೆ ಕಟ್ಟಿ ಅದೇ ಡಬ್ಬಿಗಳನ್ನು ಬಿಟ್ಟಾಗ ಅದು ಕಣ್ಣಿಗೆ ಕಾಣುವಷ್ಟು ಬೇಗ ಇಳಿಯಿತು. ತುಕ್ಕಿನ ಪಾಲೆಷ್ಟು, ರಾಟೆಯ ಭಾರದ ಪಾಲೆಷ್ಟು ಎಂದು ಬೇರ್ಪಡಿಸಲು ನನಗೆ ಆಟ್‌ವುಡ್ಡನ ಉರುಳೆಗಳು ಬೇಕಾಗಿತ್ತು, ಅವು ನನ್ನಲ್ಲಿರಲಿಲ್ಲ. ಆದರೂ ಪರೀಕ್ಷೆಯಲ್ಲಿ ತಪ್ಪಿದ ಲೆಕ್ಕ ಆ ದಿನ ನನ್ನ ಪಾಲಿಗೆ ಸರಿಯಾಯಿತು.

ಅಕ್ಕನಿಗೆ ನಾನು ಎಲ್ಲವನ್ನೂ ವಿವರಿಸಿದೆ. ಅವಳು ಗಮನವಿಟ್ಟು ಕೇಳಿ, ಭಾರವಾದ ರಾಟೆಯಲ್ಲಿ ಬರಿಯ ಬಿಂದಿಗೆ ನಿಧಾನವಾಗಿ ಇಳಿಯುವುದು ತನಗೆ ಮೊದಲಿನಿಂದಲೂ ಗೊತ್ತು, ಸೇದುವಾಗ ಮೊದಲ ಎಳೆತಕ್ಕೆ ತೋಳು ನೋಯುತ್ತಿದ್ದುದೂ ಅದಕ್ಕೇ ಇರಬೇಕು ಎಂದು ಹೇಳಿ ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಕುಳಿತು ನೋಡಿದ್ದನ್ನು ಅವಳು ಕೈಯಲ್ಲಿ ತಿಳಿದಿದ್ದಳು.

ಈ ವರ್ಷ ನನಗೆ ಪದವಿ ದೊರೆತರೆ, ನಮ್ಮ ಮನೆತನದಲ್ಲಿ ಅದನ್ನು ಪಡೆದ ಮೊದಲಿಗ ನಾನಾಗುತ್ತೇನೆ. ಪ್ರಮಾಣಪತ್ರದಲ್ಲಿ ಒಂದೇ ಹೆಸರಿರುತ್ತದೆ. ಅದು ಇರಬೇಕಾದದ್ದೂ ಹಾಗೆಯೇ. ಆದರೆ ಒಂದು ಡಬ್ಬಿ ಇಳಿಯುವಾಗ ಚಲಿಸುವುದು ಡಬ್ಬಿಯೊಂದೇ ಅಲ್ಲವೆಂದು ಆಟ್‌ವುಡ್ ಮಹಾಶಯ ನನಗೆ ಕಲಿಸಿದ್ದಾನೆ. ಇದ್ದಲ್ಲಿಯೇ ಇದ್ದು ಸುತ್ತಿದವರ ಪಾಲನ್ನು ಲೆಕ್ಕಕ್ಕೆ ಸೇರಿಸದೆ ನಾನು ಇನ್ನೊಮ್ಮೆ ಉತ್ತರ ಬರೆಯಲಾರೆ.